ಗಲ್ಲಾ ಬಿಟ್ಟು ಖಾರಘರಕ್ಕೆ

ನನ್ನ ಗಂಡ ಮನೀಶ ಖಾರಘರದ ನನ್ನ ಬಾಡಿಗೆ ಮನೆಯಲ್ಲಿ ಒಂದು ರಾತ್ರಿಯೂ ಉಳಿದವನಲ್ಲ. ಮನೆ ಹಿಡಿದು ವರ್ಷ ದಾಟಿತು. ಕೀಲಿಕೈ ತೆಗೆದುಕೊಳ್ಳುವ ದಿನ ಒಮ್ಮೆ ಬಂದಿದ್ದ. ನಲ್ಲಿ ತಿರುಗಿಸಿ ನೀರು ನೋಡಿದ, ಗ್ಯಾಸಿನ ಪೈಪು ನೋಡಿದ, ಬಾಲ್ಕನಿಗೆ ಬಂದು ಬೆಟ್ಟದ ಕಡೆ ಕತ್ತೆತ್ತುವಷ್ಟರಲ್ಲಿ ಹೋಟೆಲಿನಿಂದ ಫೋನು ಬಂತು, ಹೊರಟುಹೋದ. ಎದುರಿಗೆ ಅವನನ್ನು ನೀವು ಎನ್ನುತ್ತೇನೆ. ಇಲ್ಲಿ ಏಕವಚನ ಬಂದರೆ ಅದು ಪ್ರೀತಿಯೋ ಸಿಟ್ಟೋ ಎಂದು ಕೇಳಬೇಡಿ, ಎರಡೂ ಹೌದು.

ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಕೂಗಳತೆಯ ದೂರದಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಮಾವ ರಘುಪತಿ ಕಟ್ಟಿ ಬೆಳೆಸಿದ್ದು. ಅಲ್ಲಿನ ಮೊದಲ ಕಟ್ಟಳೆ, ಗಲ್ಲಾದಲ್ಲಿ ಮನೆಯವರೇ ಕೂರಬೇಕು. ಈಗ ಗಿರಾಕಿಗಳೆಲ್ಲ ಫೋನು ತೋರಿಸಿ ಹೋಗುತ್ತಾರೆ, ಪೆಟ್ಟಿಗೆಯೊಳಗೆ ಚಿಲ್ಲರೆ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಆದರೂ ಆ ಎತ್ತರದ ಕುರ್ಚಿ ಖಾಲಿ ಬೀಳುವಂತಿಲ್ಲ, ಹೊರಗಿನವರು ಕೂರುವಂತೆಯೂ ಇಲ್ಲ. ಮನೀಶ ಹುಟ್ಟುವ ಮೊದಲೇ ಕೆಲಸಕ್ಕೆ ಸೇರಿದ ಚೆನ್ನಯಣ್ಣನ ಕೈಯಲ್ಲಿ ಉಗ್ರಾಣದ ಕೀಲಿಕೈ ಇದೆ, ಅಡುಗೆಮನೆ ಅವರ ಮಾತು ಕೇಳುತ್ತದೆ. ಮದುವೆಯಾದ ಹೊಸದರಲ್ಲಿ ನಾನು, "ಒಂದು ಸಂಜೆ ಚೆನ್ನಯಣ್ಣ ಕೂತರೆ ಏನಾಗ್ತದೆ?" ಎಂದು ಕೇಳಿದ್ದೆ. ಮಾವ ಚಿಲ್ಲರೆ ಎಣಿಸುತ್ತಲೇ ಇದ್ದರು. ಚೆನ್ನಯಣ್ಣನೇ ನಾಚಿಕೊಂಡು, "ಅದೆಲ್ಲ ಸರಿ ಆಗುದಿಲ್ಲ ಅಕ್ಕ" ಎಂದು ಒಳಗೆ ಹೋದರು.

ಮಾವನ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು ಬೆಳಗಿನ ಹೊತ್ತು ಮಾತ್ರ ಹೋಟೆಲಿಗೆ ಬಿಟ್ಟರು. ಮಧ್ಯಾಹ್ನದಿಂದ ಶಟರು ಎಳೆಯುವವರೆಗೆ ಗಲ್ಲಾ ಮನೀಶನದ್ದು, ಆಮೇಲೆ ಖಾರಘರಕ್ಕೆ ಗಾಡಿ ಸಿಗುವುದಿಲ್ಲ. ನನ್ನದು ಖಾರಘರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ, ಜೊತೆಗೆ ಪಿಎಚ್‌ಡಿ. ದಿನಾ ಲೋಕಲ್ ರೈಲಿನಲ್ಲಿ, ನಡುವೆ ಠಾಣೆ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ ಓಡಾಡಿ ಸೊಂಟ ಬಿದ್ದುಹೋಗಿ, ಎಲ್ಲರೂ ಸೇರಿಯೇ ಈ ಮನೆ ಹಿಡಿಯುವುದೆಂದು ತೀರ್ಮಾನವಾಯಿತು. ಶನಿವಾರ ನಾನು ಡೊಂಬಿವಲಿಗೆ ಹೋಗುತ್ತೇನೆ. ಶನಿವಾರ, ಭಾನುವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅವನು ಮನೆಗೆ ಬಂದು, ಉಂಡು, ನಾನು ಹೇಳುತ್ತಿರುವ ಮಾತಿನ ಅರ್ಧದಲ್ಲಿ ನಿದ್ದೆ ಹೋಗುತ್ತಾನೆ. ಭಾನುವಾರ ಸಂಜೆ ನಾನು ಹೊರಡುವಾಗ ಗಲ್ಲಾದಲ್ಲಿ ಕೂತಲ್ಲಿಂದಲೇ ಬನ್ಸಿನ ಪೊಟ್ಟಣ ಕೊಡುತ್ತಾನೆ, "ಗಾಡಿಯಲ್ಲಿ ತಿನ್ನು" ಎನ್ನುತ್ತಾನೆ. ನನ್ನ ಸಂಸಾರ ಎಂದರೆ ಇಷ್ಟೇ.

"ಒಂದು ದಿನ ಬನ್ನಿ" ಎಂದು ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. "ಆಗ್ತಿದ್ರೆ ಬರ್ತಿರ್ಲಿಲ್ವಾ ಅಕ್ಷಯಾ?" ಎನ್ನುತ್ತಿದ್ದ. ಅವನ ದನಿ ಆಗ ನಿಜವಾಗಿಯೂ ಸೋತಿರುತ್ತಿತ್ತು. ಆ ಮಾತನ್ನು ದಿಂಬಿನ ಕೆಳಗೆ ಇಟ್ಟುಕೊಂಡು ನಾನು ಒಂದು ವರ್ಷ ಮಲಗಿದ್ದೇನೆ.

ನನ್ನ ಪಿಎಚ್‌ಡಿ ಯಾವುದರ ಮೇಲೆ ಎಂದು ನೆಂಟರು ಕೇಳಿದರೆ "ಕಂಪ್ಯೂಟರ್" ಎಂದು ಹೇಳಿ ಮುಗಿಸುತ್ತೇನೆ. ಆದರೆ ವಿಷಯ ಕಷ್ಟದ್ದಲ್ಲ. ಈಗ ಹೀಗಿದೆ, ಕೊನೆಗೆ ಹಾಗಾಗಬೇಕು, ನಡುವೆ ಏನೇನು ಮಾಡಬಹುದು ಎಂದು ಹೇಳಿದರೆ ಯಂತ್ರ ತಾನೇ ದಾರಿ ಹುಡುಕಬೇಕು. ಅದಕ್ಕೆ ಒಂದು ಉಪಾಯವಿದೆ. ದಾರಿಯನ್ನು ದಾರಿಯಾಗಿ ಹುಡುಕುವುದೇ ಇಲ್ಲ. ಪ್ರತಿ ಗಳಿಗೆಗೂ ಸಣ್ಣ ಸಣ್ಣ ವಾಕ್ಯ ಮಾಡಿಕೊಳ್ಳುತ್ತೇವೆ. ಮೊದಲ ಗಳಿಗೆಯಲ್ಲಿ ಮನೀಶ ಗಲ್ಲಾದಲ್ಲಿದ್ದಾನೆ, ಹೌದೋ ಅಲ್ಲವೋ. ಎರಡನೆಯ ಗಳಿಗೆಯಲ್ಲಿ ಅವನು ಸ್ಟೇಷನ್ನಿನಲ್ಲಿದ್ದಾನೆ, ಹೌದೋ ಅಲ್ಲವೋ. ಇಂಥ ಸಾವಿರಾರು ಹೌದು-ಅಲ್ಲಗಳನ್ನು ನಿಯಮಗಳಿಂದ ಒಂದಕ್ಕೊಂದು ಕಟ್ಟಿ, ಸಾಲ್ವರ್ ಎಂಬ ಪ್ರೋಗ್ರಾಮಿಗೆ ಕೊಟ್ಟು ಒಂದೇ ಪ್ರಶ್ನೆ ಕೇಳುತ್ತೇವೆ: ಇವೆಲ್ಲ ಒಟ್ಟಿಗೆ ನಿಜವಾಗುವುದು ಸಾಧ್ಯವೇ? ಆಗುತ್ತದೆ ಎಂದರೆ ಹೌದುಗಳನ್ನು ಸಾಲಾಗಿ ಓದಿಕೊಂಡರಾಯಿತು, ದಾರಿ ಸಿಕ್ಕಿತು. ಆಗದು ಎಂದರೆ ಇನ್ನೊಂದು ಗಳಿಗೆ ಹೆಚ್ಚು ಕೊಟ್ಟು ಮತ್ತೆ ಕೇಳುತ್ತೇವೆ.

ದೀಪಾವಳಿ ಕಳೆದ ಮೇಲೆ ಇದನ್ನು ಕ್ಲಾಸಿನಲ್ಲಿ ತೋರಿಸಬೇಕಾಗಿತ್ತು. ಪುಸ್ತಕಗಳಲ್ಲಿ ಮರದ ಚೌಕಗಳನ್ನು ಒಂದರ ಮೇಲೊಂದು ಇಡುವ ಉದಾಹರಣೆ ಇರುತ್ತದೆ. ಅದನ್ನು ನೋಡಿ ನೋಡಿ ನನಗೆ ವಾಕರಿಕೆ. ಹೋಟೆಲನ್ನೇ ತೆಗೆದುಕೊಂಡೆ. ಗುರಿ ಎಂದು ಬರೆದದ್ದು ಇಷ್ಟು: ಕೊನೆಯ ಗಳಿಗೆಯಲ್ಲಿ, ರಾತ್ರಿಯ ಊಟದ ಹೊತ್ತಿಗೆ, ಮನೀಶ ಖಾರಘರದಲ್ಲಿರಬೇಕು, ಗಲ್ಲಾ ಒಮ್ಮೆಯೂ ಖಾಲಿಯಾಗಿರಬಾರದು. ಮಕ್ಕಳಿಗೆ ಹೆಸರು ಹೇಳಲಿಲ್ಲ, 'ಒಬ್ಬ ಮಾಲೀಕ' ಎಂದೆ. ಪಾಠದ ನೆಪ ಎಂದು ನನಗೂ ಗೊತ್ತಿತ್ತು.

ಮೊದಲ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ ಎಂದು ಬಂತು. ಓದಿ ನೋಡಿದರೆ ಮನೀಶ ಗಲ್ಲಾದಲ್ಲೂ ಇದ್ದಾನೆ, ಖಾರಘರದಲ್ಲೂ ಇದ್ದಾನೆ. ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ಇರಲಾರ ಎಂದು ನಾನು ಬರೆದಿರಲಿಲ್ಲ. ಯಂತ್ರಕ್ಕೆ ಅದನ್ನೂ ಹೇಳಬೇಕು. ಹೇಳಿದೆ. ಎರಡನೆಯ ಸಲ ಮನೀಶ ನೆಟ್ಟಗೆ ಗಾಡಿ ಹತ್ತಿ ಬಂದ, ಆದರೆ ಅವನು ಎದ್ದ ಗಳಿಗೆಯಲ್ಲೇ ಮನೆಯಲ್ಲಿ ಮಲಗಿದ್ದ ಮಾವ ಯಾರೂ ಕರೆಯದೆ, ನಡೆಯದೆ ಗಲ್ಲಾದಲ್ಲಿ ಪ್ರತ್ಯಕ್ಷ. ಯಾರೂ ಅಲುಗಿಸದ್ದು ಇದ್ದಲ್ಲೇ ಇರುತ್ತದೆ ಎಂಬುದನ್ನೂ, ಡಾಕ್ಟರು ಮಾವನಿಗೆ ಸಂಜೆ ಬೇಡ ಎಂದದ್ದನ್ನೂ ಬಿಟ್ಟಿದ್ದೆ. ಕ್ಲಾಸಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ.

ಎಲ್ಲ ಸರಿಯಾಗಿ ಬರೆದ ಮೇಲೆ ಬಂದ ಉತ್ತರ, ಆಗದು. ಗಳಿಗೆ ಹೆಚ್ಚಿಸಿದೆ, ಒಂದು ಸಂಜೆಯ ಬದಲು ಇಡೀ ವಾರ ಕೊಟ್ಟೆ. ಆಗದು. ಮುಂದಿನ ಬೆಂಚಿನ ಪ್ರಣೀತಾ ಮಂಗಳೂರು ಕಡೆಯ ಹುಡುಗಿ, ಹುಟ್ಟಿದ್ದು ನೆರೂಳದಲ್ಲಿ, ಕನ್ನಡ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು. "ಮ್ಯಾಮ್, ಯೆ ಆದ್ಮಿ ತೋ ಕಭೀ ನಹೀ ಆಯೇಗಾ" ಎಂದಳು. ಈ ಮನುಷ್ಯ ಎಂದೂ ಬರುವುದಿಲ್ಲವಂತೆ. ತಮಾಷೆಗೆ ಹೇಳಿದ್ದು, ನನಗೆ ಚುರುಕ್ಕೆಂದಿತು.

ಆಗದು ಎಂದಾಗ ಸಾಲ್ವರನ್ನು ಇನ್ನೊಂದು ಮಾತು ಕೇಳಬಹುದು. ಯಾಕೆ ಆಗದು, ಯಾವ ನಿಯಮಗಳು ಒಂದಕ್ಕೊಂದು ಅಡ್ಡ ನಿಂತಿವೆ? ಅದು ಇಡೀ ರಾಶಿಯಿಂದ ಜಗಳಗಂಟ ನಿಯಮಗಳನ್ನು ಮಾತ್ರ ಹೆಕ್ಕಿ ಕೊಡುತ್ತದೆ. ಆ ಸಂಜೆ ಮನೆಯಲ್ಲಿ ಕೂತು ಕೇಳಿದೆ. ಗಲ್ಲಾದಲ್ಲಿ ಮನೆಯವರೇ ಇರಬೇಕು ಎಂಬುದು ಬಂತು. ಮಾವ ಸಂಜೆ ಕೂರುವಂತಿಲ್ಲ ಎಂಬುದು ಬಂತು. ಇವೆರಡೂ ನನಗೆ ಗೊತ್ತಿದ್ದದ್ದೇ. ಜೊತೆಗೆ ಇನ್ನೊಂದು ಇತ್ತು: ಅತ್ತೆ ಗಲ್ಲಾದಲ್ಲಿ ಕೂರುವುದಿಲ್ಲ.

ಇದನ್ನು ನನಗೆ ಹೇಳಿದವರು ಯಾರು? ಮಾವ ಹೇಳಿಲ್ಲ, ಮನೀಶ ಹೇಳಿಲ್ಲ. ನಮ್ಮವರ ಹೋಟೆಲುಗಳಲ್ಲಿ ಗಲ್ಲಾದ ಮೇಲೆ ಹೆಂಗಸರನ್ನು ನಾನು ಕಂಡಿರಲಿಲ್ಲ, ಅಷ್ಟೇ. ಒಬ್ಬ ಮನುಷ್ಯ ಎರಡು ಕಡೆ ಇರಲಾರ ಎಂಬುದನ್ನು ಬರೆಯಲು ಮರೆತವಳು, ಇದನ್ನು ಮಾತ್ರ ಯಾರೂ ಕೇಳದೆ, ಮೊದಲ ದಿನವೇ, ಕೈ ನಡುಗದೆ ಬರೆದಿದ್ದೆ. ಡಾಕ್ಟರೇಟಿಗೆ ಓದುವ ಹೆಂಗಸು ನಾನು. ನನ್ನ ಮೇಲೆಯೇ ರೇಗಿಹೋಯಿತು.

ಶನಿವಾರ ಡೊಂಬಿವಲಿಯ ಅಡುಗೆಮನೆಯಲ್ಲಿ ಅತ್ತೆ ಪ್ರಭಾ ಬಸಳೆ ಸೋಸುತ್ತಿದ್ದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಯೋಚಿಸುತ್ತ ಕೂರುವುದು ಬೇಡವೆಂದು ನೇರ ಕೇಳಿಬಿಟ್ಟೆ.

"ಅತ್ತೆ, ನೀವು ಗಲ್ಲಾದಲ್ಲಿ ಯಾಕೆ ಕೂರುದಿಲ್ಲ?"

ಅತ್ತೆ ತಲೆ ಎತ್ತಲಿಲ್ಲ. "ಯಾರು ಹೇಳಿದ್ದು ಕೂರುದಿಲ್ಲ ಅಂತ? ನಿನ್ನ ಮಾವನಿಗೆ ಕಾಮಾಲೆ ಆದಾಗ ಕೂತಿದ್ದೆ. ಮನೀಶ ಆಗ ಶಾಲೆಗೆ ಹೋಗ್ತಿದ್ದ."

"ಮತ್ತೆ ಯಾಕೆ ಬಿಟ್ರಿ?"

"ಬಿಡ್ಲಿಕ್ಕೆ ಎಂತ ಉಂಟು ಮಾರಾಯ್ತಿ. ಅವರು ಹುಷಾರಾದ್ರು, ಬಂದು ಕೂತ್ರು. ಆಮೇಲೆ ಕೂತ್ಕೋ ಅಂತ ಯಾರೂ ಹೇಳ್ಲಿಲ್ಲ, ಬೇಡ ಅಂತ್ಲೂ ಹೇಳ್ಲಿಲ್ಲ." ಒಂದು ದಂಟನ್ನು ಲಟಕ್ಕನೆ ಮುರಿದು ನನ್ನನ್ನು ನೋಡಿದರು. "ಎಂತಕ್ಕೆ ಕೇಳ್ತಿದ್ದಿ?"

ನಾನು ಹೇಳಿದೆ. ಪ್ರೋಗ್ರಾಮು, ಸಾಲ್ವರ್ ಎಂದೆಲ್ಲ ಶುರು ಮಾಡಿದವಳು, ಕೊನೆಗೆ, "ಒಂದು ರಾತ್ರಿ ಅವರು ನನ್ನ ಮನೆಗೆ ಬರ್ಬೇಕು ಅತ್ತೆ" ಎಂದುಬಿಟ್ಟೆ. ಸೊಸೆಯಾದವಳು ಅತ್ತೆಯ ಹತ್ತಿರ ಹೇಳುವ ಮಾತೇ ಇದು? ಅತ್ತೆ ಸೋಸಿದ ಬಸಳೆಯನ್ನು ಒಂದು ಬದಿಗೆ ಸರಿಸಿದರು.

"ಇದಕ್ಕೆ ಕಂಪ್ಯೂಟರ್ ಬೇಕಿತ್ತಾ? ನನ್ನ ಹತ್ರ ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದರು. "ಮಂಗಳವಾರ ರಶ್ ಕಮ್ಮಿ. ಮಂಗಳವಾರ ಕಳಿಸ್ತೇನೆ. ನಿನ್ನ ಮಾವನಿಗೆ ನಾನು ಹೇಳ್ತೇನೆ."

ಮಾವ ಬರೀ "ಹ್ಞೂಂ" ಎಂದರಂತೆ. ಅವರ ಹ್ಞೂಂ ಹೊರಬೀಳುವುದೇ ದೊಡ್ಡ ವಿಷಯ. ಮನೀಶನಿಗೆ ಹೇಳಿದಾಗ ಅವನು ನಿದ್ದೆಗಣ್ಣಿನಲ್ಲಿದ್ದ. ನನ್ನ ಕೈ ಹಿಡಿದು, "ಅಮ್ಮ ಕೂರ್ತಾರಂತಾ?" ಎಂದು ಮತ್ತೆ ಮತ್ತೆ ಕೇಳಿದ. ಹೌದು ಎಂದೆ. "ಹಾಗಾದ್ರೆ ಬರ್ತೇನೆ" ಎಂದ. ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ, ನೋಡುವಾ ಎನ್ನಲಿಲ್ಲ. ಬರ್ತೇನೆ ಎಂದೇ ಹೇಳಿದ.

ಖಾರಘರಕ್ಕೆ ಮರಳಿದವಳೇ ಆ ಒಂದು ನಿಯಮ ಅಳಿಸಿ ಮತ್ತೆ ಕೇಳಿದೆ. ಆಗುತ್ತದೆ ಎಂದು ಬಂತು. ಅತ್ತೆ ಹೋಟೆಲಿಗೆ ಬರುತ್ತಾರೆ, ಅತ್ತೆ ಗಲ್ಲಾದಲ್ಲಿ ಕೂರುತ್ತಾರೆ, ಮನೀಶ ಏಳುತ್ತಾನೆ, ಡೊಂಬಿವಲಿಯಲ್ಲಿ ಗಾಡಿ ಹತ್ತುತ್ತಾನೆ, ಠಾಣೆಯಲ್ಲಿ ಬದಲಿಸುತ್ತಾನೆ, ಖಾರಘರದಲ್ಲಿ ಇಳಿಯುತ್ತಾನೆ. ಪರದೆಯ ಮೇಲಿನ ಆ ಒಣ ಸಾಲುಗಳನ್ನು ನಾನು ಪ್ರೇಮಪತ್ರ ಓದಿದ ಹಾಗೆ ಓದಿದೆ. ನಾಚಿಕೆ ಇಲ್ಲದೆ ಹೇಳುತ್ತೇನೆ, ಕೊನೆಯ ಸಾಲನ್ನು ಬೆರಳಿನಿಂದ ಮುಟ್ಟಿಯೂ ನೋಡಿದೆ.

ಮಂಗಳವಾರ ಮಧ್ಯಾಹ್ನವೇ ಕಾಲೇಜಿನಿಂದ ಬಂದೆ. ಹಾಸಿಗೆಗೆ ಹೊಸ ಚಾದರ ಹಾಸಿದೆ. ಹೋಟೆಲಿನವನಿಗೆ ಹೋಟೆಲಿನ ತಿಂಡಿ ಮಾಡಿ ಬಡಿಸುವುದು ಹುಚ್ಚುತನ ಎಂದು ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ತೊಂಡೆಕಾಯಿ ಪಲ್ಯ ಮಾಡಿದೆ. ಒಗ್ಗರಣೆ ಹಾಕುವಾಗ ಹಾಡು ಗುನುಗುತ್ತಿದ್ದೆ ಎಂದು ಆಮೇಲೆ ಗೊತ್ತಾಯಿತು. ಮದುವೆಯಾಗಿ ಇಷ್ಟು ವರ್ಷವಾದ ಹೆಂಗಸಿಗೆ ಗಂಡ ಮನೆಗೆ ಬರುತ್ತಾನೆ ಎಂಬುದು ಇಷ್ಟು ದೊಡ್ಡ ಸಂಭ್ರಮವಾಗಬಾರದು. ಆಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಚೆನ್ನಯಣ್ಣ ಫೋನಿಗೆ ಒಂದು ಚಿತ್ರ ಕಳಿಸಿದರು. ಅತ್ತೆ ಗಲ್ಲಾದಲ್ಲಿ. ನೆಂಟರ ಮದುವೆಗೆ ಉಡುವ ರೇಷ್ಮೆ ಸೀರೆ, ಮುಡಿಗೆ ಮಲ್ಲಿಗೆ, ಹಿಂದೆ ದೇವರ ಪಟಕ್ಕೆ ಊದುಬತ್ತಿ. ಕುರ್ಚಿ ಎತ್ತರವಾಗಿ ಕಾಲು ನೆಲಕ್ಕೆ ಎಟುಕದೆ, ಕೆಳಗೆ ಹಾಲಿನ ಖಾಲಿ ಕ್ರೇಟು ಇಟ್ಟುಕೊಂಡಿದ್ದರು. ದುಡ್ಡು ಬಂತೆಂದು ಹಿಂದಿಯಲ್ಲಿ ಕೂಗುವ ಪೆಟ್ಟಿಗೆ ಮಾತಾಡಿದಾಗಲೆಲ್ಲ ಅತ್ತೆ ಬೆಚ್ಚಿಬೀಳುತ್ತಿದ್ದಾರೆ ಎಂದೂ ಬರೆದಿದ್ದರು. ಕೆಳಗೆ ಇನ್ನೊಂದು ಸಾಲು: ಸಣ್ಣ ಧಣಿ ಹೊರಟರು.

ನಾನು ಸ್ಟೇಷನ್ನಿಗೆ ಹೋದೆ. ಮನೆಯಲ್ಲಿ ಕಾಯಬಹುದಿತ್ತು, ಕಾಲು ಕೇಳಲಿಲ್ಲ. ಖಾರಘರದ ಸ್ಟೇಷನ್ನು ದೊಡ್ಡದು, ಬೇಕಾದಷ್ಟು ಗಾಳಿ ಆಡುತ್ತದೆ. ಠಾಣೆಯಿಂದ ಪನವೇಲಿಗೆ ಹೋಗುವ ಗಾಡಿ ಬಂದಾಗಲೆಲ್ಲ ಮೆಟ್ಟಿಲ ಹತ್ತಿರ ನಿಂತು ಮುಖಗಳನ್ನು ನೋಡಿದೆ. ಬೆನ್ನಿಗೆ ಚೀಲ ಹಾಕಿದ ಹುಡುಗರು, ಕೈಯಲ್ಲಿ ಸೊಪ್ಪು ಹಿಡಿದ ಹೆಂಗಸರು. ಒಂದು ಗಾಡಿ ಹೋಯಿತು, ಇನ್ನೊಂದು ಹೋಯಿತು. ಠಾಣೆಯಲ್ಲಿ ತಪ್ಪಿರಬೇಕು ಎಂದುಕೊಂಡೆ. ದೀಪಗಳು ಹತ್ತಿದವು. ಫೋನು ಮಾಡಿದರೆ ಎತ್ತಲಿಲ್ಲ. ಗಾಡಿಯ ಗದ್ದಲದಲ್ಲಿ ಕೇಳಿಸಿಲ್ಲ ಎಂದು ಅದಕ್ಕೂ ಕಾರಣ ಕೊಟ್ಟುಕೊಂಡೆ. ಆಮೇಲೆ ಅವನೇ ಮಾಡಿದ.

"ಎಲ್ಲಿದ್ದೀರಿ? ಠಾಣೆ ಬಿಟ್ರಾ?"

"ಇಲ್ಲ."

"ಮತ್ತೆಲ್ಲಿ?"

"ಠಾಕುರ್ಲಿಯಲ್ಲಿ."

ಡೊಂಬಿವಲಿಯಿಂದ ಠಾಣೆಗೆ ಹೊರಟವರಿಗೆ ಠಾಕುರ್ಲಿ ಸಿಗುವುದಿಲ್ಲ. ಅದು ಕಲ್ಯಾಣದ ಕಡೆಗೆ, ವಿರುದ್ಧ ದಿಕ್ಕು. ನನಗೆ ಒಂದು ಕ್ಷಣ ಸಮಾಧಾನವೇ ಆಯಿತು. "ತಪ್ಪು ಗಾಡಿ ಹತ್ತಿದ್ರಾ? ಪರವಾಗಿಲ್ಲ, ಆಚೆ ಪ್ಲಾಟ್‌ಫಾರ್ಮಿಗೆ ಹೋಗಿ. ಈ ಹೊತ್ತಿಗೆ ಠಾಣೆ ಕಡೆಯ ಗಾಡಿ ಖಾಲಿ ಇರ್ತದೆ. ನಾನು ಇಲ್ಲೇ ಇರ್ತೇನೆ."

"ತಪ್ಪಿ ಹತ್ತಿದ್ದಲ್ಲ ಅಕ್ಷಯಾ. ನೋಡಿಯೇ ಹತ್ತಿದ್ದು."

ಆ ಕಡೆ ಒಂದು ಗಾಡಿ ನಿಲ್ಲದೆ ಹಾದುಹೋಗುವ ಸದ್ದು ಬಂತು.

"ಹೋಟೆಲಿಂದ ಹೊರಗೆ ಬಂದೆ," ಎಂದ. "ಅಮ್ಮ ಗಲ್ಲಾದಲ್ಲಿ, ಅಪ್ಪ ಮನೆಯಲ್ಲಿ. ಯಾರಿಗೂ ನಾನು ಬೇಕಾಗಿರ್ಲಿಲ್ಲ. ಎಷ್ಟೋ ವರ್ಷದಲ್ಲಿ ಮೊದಲ ಸಲ. ಎಲ್ಲಾದ್ರೂ ಸುಮ್ನೆ ಕೂರ್ಬೇಕು ಅನ್ನಿಸ್ತು. ಯಾರೂ ಏನೂ ಕೇಳದ ಕಡೆ. ಒಂದು ಸ್ಟೇಷನ್ ಬಂದು ಇಳಿದೆ. ಆಗಿಂದ ಬೆಂಚಲ್ಲಿ ಕೂತಿದ್ದೇನೆ. ಫೋನ್ ಬಂದದ್ದು ನೋಡಿದೆ, ಎತ್ಲಿಕ್ಕೆ ಆಗ್ಲಿಲ್ಲ."

"ನಾನೇನು ಕೇಳ್ತಿದ್ದೆ ನಿಮ್ಮ ಹತ್ರ?"

"ಏನೂ ಇಲ್ಲ." ಎಂದ. "ನೀನು ಕಾಯ್ತಿದ್ದೀಯಲ್ಲ."

ಸಿಟ್ಟು ಬರಬೇಕಿತ್ತು. ನನ್ನ ಸಿಟ್ಟು ಮನೆಯಲ್ಲಿ ಹೆಸರುವಾಸಿ. ಬರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂದು ಬಯ್ಯೋಣವೆಂದರೆ, ಆ ಬೆಂಚಿನ ಮೇಲೆ ಕೈ ಚೆಲ್ಲಿ ಕೂತ ಮನುಷ್ಯ ಕಣ್ಣ ಮುಂದೆ ಬಂದ. ಮಧ್ಯಾಹ್ನದಿಂದ ರಾತ್ರಿಯವರೆಗೆ ಯಾರು ಯಾರಿಗೋ ಹ್ಞಾಂ, ಬೋಲಿಯೆ, ಹೇಳಿ ಎನ್ನುತ್ತ ಕೂರುವವನು. ಅವನ ದಣಿವು ನನಗೆ ಅರ್ಥವಾಯಿತು, ಅದೇ ನೋವು. ಅರ್ಥವಾಗದಿದ್ದರೆ ಕೂಗಾಡಿ ಹಗುರಾಗುತ್ತಿದ್ದೆ.

"ರಾತ್ರಿ ಏನು ಮಾಡ್ತೀರಿ?"

"ಕಲ್ಯಾಣದಲ್ಲಿ ವಿಶಾಲ್ ಇದ್ದಾನಲ್ಲ, ನನ್ನ ಶಾಲೆಯವ. ಅವನಲ್ಲಿ ಮಲಗ್ತೇನೆ. ಬೆಳಿಗ್ಗೆ ಎದ್ದು ಹೋಟೆಲಿಗೆ ಹೋಗ್ತೇನೆ." ಮತ್ತೆ ಕೇಳಿದ, "ಈಗ ಹೊರಡ್ಲಾ? ಹೇಳಿದ್ರೆ ಬರ್ತೇನೆ."

ಹೇಳಿದರೆ ಬರುತ್ತಿದ್ದ, ಅದು ನನಗೆ ಗೊತ್ತು. ಉಂಡು, ಪಲ್ಯ ಚೆನ್ನಾಗಿದೆ ಎಂದು ಹೇಳಿ, ನನ್ನ ಮಾತಿನ ಅರ್ಧದಲ್ಲಿ ನಿದ್ದೆ ಹೋಗುತ್ತಿದ್ದ. ನನ್ನ ಇಡೀ ಮೈ ಹೇಳು ಎನ್ನುತ್ತಿತ್ತು. ಬೇಕಿತ್ತು ನನಗೆ ಅವನು, ಆ ಹೊತ್ತಿನಲ್ಲಿ, ಹೇಗಾದರೂ, ದಣಿದಾದರೂ ಸರಿ.

"ಬೇಡ," ಎಂದೆ. "ಕೂತ್ಕೊಳ್ಳಿ."

ಫೋನು ಇಟ್ಟ ಮೇಲೆ ನಾನು ಅಲ್ಲೇ ಒಂದು ಬೆಂಚಿನ ಮೇಲೆ ಕೂತೆ. ಆಗದು ಎಂದು ಇದ್ದಷ್ಟು ದಿನ ನಾವಿಬ್ಬರೂ ಒಂದೇ ಕಡೆ ಇದ್ದೆವು. ಗಲ್ಲಾದ ಆಚೆ ಅವನು, ಈಚೆ ನಾನು, ಇಬ್ಬರಿಗೂ ಒಬ್ಬರಿಗೊಬ್ಬರು ಬೇಕು, ನಡುವೆ ಹಾಳಾದ ಒಂದು ಕುರ್ಚಿ. ಎಷ್ಟು ಚೆನ್ನಾಗಿತ್ತು ಆ ಬಯಕೆ. ಅದನ್ನು ಸಾಧ್ಯ ಮಾಡಲು ಹೋಗಿ ನಾನು ಅದರ ಅರ್ಧವನ್ನು, ಅವನ ಪಾಲನ್ನು, ಕಳೆದುಕೊಂಡೆ. ಬರುವುದಿಲ್ಲ ಎಂದು ಗೊತ್ತಿದ್ದೂ ಮುಂದಿನ ಗಾಡಿ ಬಂದಾಗ ಎದ್ದು ನಿಂತು ಮುಖಗಳನ್ನು ನೋಡಿದೆ.

ಮೆಟ್ಟಿಲು ಇಳಿಯುತ್ತಿರುವಾಗ ಅತ್ತೆಯ ಫೋನು ಬಂತು. ಹಿಂದೆ ಪಾತ್ರೆಯ ಸದ್ದು, ಯಾರೋ ಎರಡು ಮಸಾಲೆ ಎಂದು ಕೂಗುವುದು, ಹಿಂದಿ ಪೆಟ್ಟಿಗೆಯ ಮಾತು. ಅತ್ತೆಯ ದನಿಯಲ್ಲಿ ನಾನು ಎಂದೂ ಕೇಳದ ಠೀವಿ.

"ಮನೆ ಮುಟ್ಟಿದನಾ ಅವ?"

"ಮುಟ್ಟಿದ್ರು ಅತ್ತೆ."

"ಎಷ್ಟು ಹೊತ್ತಾಯ್ತು?"

"ಈಗಷ್ಟೆ. ಸ್ನಾನಕ್ಕೆ ಹೋಗಿದ್ದಾರೆ."

"ಒಳ್ಳೇದಾಯ್ತು. ಫೋನ್ ಗೀನ್ ಮಾಡ್ಲಿಕ್ಕೆ ಹೇಳ್ಬೇಡ, ಇಲ್ಲಿ ಎಲ್ಲ ಸರಿ ಉಂಟು. ನಿಮ್ಮಷ್ಟಕ್ಕೆ ನೀವಿರಿ." ಯಾರಿಗೋ ಚಿಲ್ಲರೆ ಎಣಿಸಿ ಕೊಟ್ಟು ಮತ್ತೆ ಫೋನಿಗೆ ಬಂದರು. "ಕೇಳಿತಾ ಅಕ್ಷಯಾ, ನನಗೇನೂ ಕಷ್ಟ ಆಗುದಿಲ್ಲ. ಬರುವ ಮಂಗಳವಾರವೂ ಅವನನ್ನು ಕಳಿಸ್ತೇನೆ."

ಠಾಕುರ್ಲಿಯ ಆ ಬೆಂಚು ಈಗ ಕತ್ತಲಾಗಿರಬಹುದು. ಅವನು ಇನ್ನೂ ಎದ್ದಿರಲಿಕ್ಕಿಲ್ಲ.

"ಕಳಿಸಿ ಅತ್ತೆ," ಎಂದೆ.